ಮುದ್ರೆಯಿಲ್ಲದ ಕಾಡುಕೋಣ

ನಮ್ಮತ್ತೆ ಮೊಸರು ಬಿಟ್ಟಿದ್ದಾರೆಂದು ನನಗೆ ತಿಳಿದದ್ದು ಅವರ ತಟ್ಟೆ ತೊಳೆಯುವಾಗ. ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದವಳು ಆಗಷ್ಟೇ ಗಂಡನ ಮನೆಗೆ ಹಿಂದಿರುಗಿದ್ದೆ. ನಮ್ಮ ಯಜಮಾನರ ತಟ್ಟೆಯಲ್ಲಿ ಊಟದ ಕೊನೆಯ ಬಿಳಿ ಗೆರೆ ಇತ್ತು. ಅತ್ತೆಯ ತಟ್ಟೆಯಲ್ಲಿ ಬರೀ ಸೊಪ್ಪಿನ ಸಾರಿನ ಹಸಿರು. ಮೊಸರು ಹುಳಿಯಾಗಿತ್ತೇ ಎಂದು ಕೇಳಿದೆ.

"ಬಸವ ಮನೇಗೆ ಬರೋಗಂಟ ನಂಗೆ ಬ್ಯಾಡ ಕಣವ್ವ" ಎಂದರು. ಕೊಟ್ಟಿಗೆ ತುಂಬ ಕರೆಯುವ ಹಸುಗಳಿದ್ದ ಮನೆ ನಮ್ಮದು. ಪ್ರತಿದಿನ ಬೆಳಗಾಗುತ್ತಲೇ ಮೊಸರು ಕಡೆಯುತ್ತಿದ್ದವರು ಅವರೇ. ಕಡೆದು, ಬೆಣ್ಣೆ ತೆಗೆದು, ಮಜ್ಜಿಗೆಯನ್ನು ಬಂದವರಿಗೆಲ್ಲ ಬೊಗಸೆಗೆ ಹೊಯ್ದು, ತಾವು ಮಾತ್ರ ಕೈ ತೊಳೆದುಕೊಂಡು ಏಳುತ್ತಿದ್ದರು.

ಬಸವ ಎಂದರೆ ಮನುಷ್ಯನಲ್ಲ, ಹೋರಿ. ಅದರ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಯಜಮಾನರು ಚಿಕ್ಕವರಿದ್ದಾಗ ವಿಷಮಶೀತ ಜ್ವರ ಬಂದು ಬದುಕುವ ಆಸೆಯೇ ಇರಲಿಲ್ಲವಂತೆ. ಹಾಸನದ ಡಾಕ್ಟರು ಕೈ ಚೆಲ್ಲಿದ ಮೇಲೆ ಅತ್ತೆ ಈಶ್ವರನ ಗುಡಿಯ ಮುಂದೆ ಸೆರಗೊಡ್ಡಿ, ಮಗ ಉಳಿದರೆ ಒಂದು ಹೋರಿ ಬಿಡುತ್ತೇನೆ ಎಂದು ಹರಸಿಕೊಂಡರು. ಮಗ ಉಳಿದ. ಕೊಟ್ಟಿಗೆಯಲ್ಲಿ ಆಗ ಬೆಳೆಯುತ್ತಿದ್ದ ಕಪ್ಪು ಹೋರಿಗರುವಿನ ಬಲತೊಡೆಯ ಮೇಲೆ ಲಿಂಗದ ಮುದ್ರೆ ಒತ್ತಿಸಿ ಊರಿಗೆ ಬಿಟ್ಟರು. ಹಾಗೆ ಮುದ್ರೆ ಬಿದ್ದ ಹೋರಿಗೆ ನೊಗವಿಲ್ಲ, ಹಗ್ಗವಿಲ್ಲ, ಮೂಗುದಾರವಿಲ್ಲ. ಅದನ್ನು ಹೊಡೆಯಬಾರದು, ಬೀಡಾಡಿ ದನಗಳ ದೊಡ್ಡಿಗೆ ಕೂಡಬಾರದು. ಯಾರ ಹೊಲದಲ್ಲಿ ಬಾಯಿ ಹಾಕಿದರೂ "ಬಸವಣ್ಣ ಬಂದ" ಎಂದು ಕೈ ಮುಗಿಯಬೇಕು. ಮುಗಿಯುತ್ತಿದ್ದರು. ಮುಗಿದಾದ ಮೇಲೆ ಹಲ್ಲು ಕಡಿಯುತ್ತಿದ್ದರು, ಅದು ಬೇರೆ ಮಾತು.

ಇಂಥ ಹೋರಿ ಸತ್ತರೂ ಒಂದು ಕ್ರಮವಿದೆ. ಊರವರೆಲ್ಲ ಸೇರಿ, ವಿಭೂತಿ ಹಚ್ಚಿ, ತಮಟೆ ಬಡಿಸಿಕೊಂಡು ಗುಡಿಯ ಹಿಂದೆ ಮಣ್ಣು ಮಾಡುತ್ತಾರೆ. ಬಿಟ್ಟ ಮನೆಯವರು ತಲೆಗೆ ನೀರು ಹಾಕಿಕೊಂಡು ಐನೋರಿಗೆ ಊಟ ಹಾಕುತ್ತಾರೆ. ಅಲ್ಲಿಗೆ ಹರಕೆ ಮುಗಿಯಿತು. ಆದರೆ ಅದಕ್ಕೆಲ್ಲ ಮೊದಲು, ಕಣ್ಣಾರೆ ಕಂಡವರು ಯಾರಾದರೂ ಬಂದು ಆ ಮನೆಯ ಬಾಗಿಲಲ್ಲಿ ನಿಂತು, ಹೋರಿ ಹೋಯಿತು ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರಿಲ್ಲದಿದ್ದರೆ ಹೋರಿ ಬದುಕಿದೆ ಎಂದೇ ಲೆಕ್ಕ.

ನಾನು ನೋಡುವ ಹೊತ್ತಿಗೆ ಬಸವನಿಗೆ ವಯಸ್ಸಾಗಿತ್ತು. ಮೈಯೆಲ್ಲ ಕಪ್ಪು, ಮುಂಗಾಲುಗಳಿಗೆ ಮೊಣಕಾಲಿನಿಂದ ಕೆಳಗೆ ಬಿಳುಪು. ಬೆಳಗ್ಗೆ ನಮ್ಮ ಬಾಗಿಲಿಗೆ ಬಂದು ಒಂದು ಸಲ ಉಸಿರು ಬಿಟ್ಟರೆ ಅತ್ತೆ ರಾಗಿ ರೊಟ್ಟಿಯ ಮೇಲೆ ಬೆಲ್ಲ ಇಟ್ಟುಕೊಂಡು ಹೊರಗೆ ಬರುತ್ತಿದ್ದರು. ನನಗೆ ಒಂದು ದಿನವೂ ಆ ಥರ ಬೆಲ್ಲ ಇಟ್ಟು ಕೊಟ್ಟವರಲ್ಲ. ನಾನು ಚನ್ನರಾಯಪಟ್ಟಣದ ಅಂಗಡಿ ಮನೆಯ ಮಗಳು, ಮಿಡ್ಲ್ ಸ್ಕೂಲು ಓದಿದವಳು, ಕಟ್ಟಾಯದ ಆಚೆಯ ಹಳ್ಳಿಗೆ ಸೊಸೆಯಾಗಿ ಬಂದಾಗ ಮೂಗು ಸ್ವಲ್ಪ ಮೇಲೆಯೇ ಇತ್ತು. "ನಾನೂ ಬಾಗಿಲಲ್ಲಿ ನಿಂತು ಉಸಿರು ಬಿಡಲಾ ಅತ್ತೆ?" ಎಂದು ಕೇಳಿಬಿಟ್ಟಿದ್ದೆ. "ತೊಡೆ ಮ್ಯಾಕೆ ಮುದ್ರೆ ಆಕುಸ್ಕೋ, ಕೊಡ್ತೀನಿ" ಎಂದಿದ್ದರು. ನಮ್ಮಿಬ್ಬರ ಮಾತು ಹೀಗೆಯೇ ನಡೆಯುತ್ತಿತ್ತು.

ಆ ಭಾದ್ರಪದದಲ್ಲಿ ಬಸವ ಕಾಣೆಯಾಯಿತು. ಊರಿನ ಹೆಂಗಸರಲ್ಲಿ ಮುಕ್ಕಾಲು ಪಾಲು ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದ ಹೊತ್ತು. ಅತ್ತೆ ವಿಧವೆ, ಬಾಗಿನಕ್ಕೆ ಕರೆಯುವವರಿರಲಿಲ್ಲ. ಆದರೆ ಅವರ ತಮ್ಮನ ಸೊಸೆಗೆ ಹೆರಿಗೆಯಾಗಿದೆಯೆಂದು ಅರಕಲಗೂಡಿಗೆ ಹೋಗಿದ್ದರು. ಹಿಂದಿರುಗಿ ಬಂದ ಮಾರನೆಯ ಬೆಳಗ್ಗೆ ರೊಟ್ಟಿ ಹಿಡಿದು ಬಾಗಿಲಿಗೆ ಬಂದರೆ ಉಸಿರಿನ ಸದ್ದಿಲ್ಲ.

ಮನೆಮನೆಗೂ ಹೋಗಿ ಕೇಳಿದರು. ಎಲ್ಲರದೂ ಒಂದೇ ಉತ್ತರ: "ಕಾಡಿಗೋಗಿರ್ಬೇಕು ಬುಡವ್ವ, ಬತ್ತದೆ." ಪಟೇಲರ ಮನೆಯಲ್ಲೂ ಅದೇ, ಕುಂಬಾರರ ಮನೆಯಲ್ಲೂ ಅದೇ. ಮೇಷ್ಟರ ಬೆತ್ತಕ್ಕೆ ಹೆದರಿ ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಒಂದು ಅಕ್ಷರವೂ ಹೆಚ್ಚುಕಮ್ಮಿ ಇಲ್ಲ. ನಮ್ಮ ಯಜಮಾನರನ್ನು ಕೇಳಿದರೆ ಅವರೂ ನೆಲ ನೋಡಿಕೊಂಡು "ಕಾಡಿಗೋಗಿರ್ಬೇಕು ಕಣವ್ವ" ಎಂದರು. ನಮ್ಮೂರಿನಿಂದ ಕಾಡು ಅನ್ನುವಂಥದ್ದು ಕಾಣಬೇಕಾದರೆ ಪಡುವಲಿಗೆ ಗಾಡಿ ಕಟ್ಟಿಕೊಂಡು ಹೋಗಬೇಕು. ಮುದಿ ಹೋರಿ ರಾಗಿ ತೆನೆಯೊಡೆದ ಹೊಲಗಳನ್ನು ಬಿಟ್ಟು ಕಾಡಿಗೆ ಯಾಕೆ ಹೋಗುತ್ತದೆ ಎಂದು ನಾನು ಅಂದುಕೊಂಡೆ, ಆದರೆ ಬಾಯಿ ಬಿಡಲಿಲ್ಲ. ಅದು ಯುದ್ಧದ ಕಾಲ. ಪಟಾಲಮ್ಮಿನ ಮಾಂಸಕ್ಕೆಂದು ದನ ಹಿಡಿಸುವ ಕಂಟ್ರಾಕ್ಟರುಗಳು ಸಂತೆ ಸಂತೆ ತಿರುಗುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಂದಿನಿಂದ ಅತ್ತೆ ಮೊಸರು ಬಿಟ್ಟರು, ಹಾಲು ಬಿಟ್ಟರು, ತುಪ್ಪ ಬಿಟ್ಟರು. ಗಟ್ಟಿಮುಟ್ಟಾಗಿದ್ದ ಹೆಂಗಸು ದೀಪಾವಳಿ ಬರುವ ಹೊತ್ತಿಗೆ ಕೈಯ ಬೆಳ್ಳಿ ಕಡಗ ಮೊಣಕೈಗೆ ಏರುವಷ್ಟು ಸೊರಗಿದರು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಅವರು ಮಗನನ್ನು ನೋಡುವ ರೀತಿ. ನಮ್ಮ ಯಜಮಾನರು ಒಂದು ಸೀನಿದರೆ ಸಾಕು, ಒಲೆಯ ಮುಂದಿನಿಂದ ಎದ್ದು ಬಂದು ಹಣೆ ಮುಟ್ಟುತ್ತಿದ್ದರು. ಹೊಲದಿಂದ ಬರುವುದು ತಡವಾದರೆ ಜಗಲಿಯ ಕಂಬ ಹಿಡಿದು ನಿಂತೇ ಇರುತ್ತಿದ್ದರು. ಮಗನ ಜೀವಕ್ಕೆ ಬದಲಾಗಿ ಬಿಟ್ಟ ಹೋರಿ. ಅದಕ್ಕೆ ಕೇಡಾಗಿದ್ದರೆ ಮಗನಿಗೆ ಏನು ಕಾದಿದೆಯೋ ಎಂಬ ಭಯ. ಮೂಢನಂಬಿಕೆ ಎಂದು ಮಿಡ್ಲ್ ಸ್ಕೂಲಿನ ಪಾಠ ನನ್ನ ತಲೆಯಲ್ಲಿ ಹೇಳುತ್ತಿತ್ತು. ಆದರೆ ತಾಳಿ ಇದ್ದದ್ದು ನನ್ನ ಕೊರಳಲ್ಲಿ. ಅತ್ತೆ ಹಣೆ ಮುಟ್ಟಿ ಹೋದ ಮೇಲೆ ನಾನೂ ಒಂದು ಸಲ ಮುಟ್ಟಿ ನೋಡುತ್ತಿದ್ದೆ.

ಸಂಕ್ರಾಂತಿಗೆ ನಮ್ಮಣ್ಣ ಎಳ್ಳು ಬೆಲ್ಲ ತೆಗೆದುಕೊಂಡು ಬಂದ. ಅವನು ಮೈಸೂರಿನಾಚೆ, ಗೋಪಾಲಸ್ವಾಮಿ ಬೆಟ್ಟದ ಬುಡದ ಮೀಸಲು ಕಾಡಿನಲ್ಲಿ ಗಾರ್ಡು. ಹಿಂದೆ ಅರಮನೆಯವರು ಶಿಕಾರಿಗೆಂದು ಇಟ್ಟುಕೊಂಡಿದ್ದ ಕಾಡು ಅದು. ಈಚೆಗೆ ಅದರ ಒಂದು ಭಾಗದಲ್ಲಿ ಕೋವಿಯ ಸದ್ದೇ ಆಗಕೂಡದು ಎಂದು ಅಪ್ಪಣೆಯಾಗಿತ್ತು. ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ಮೊದಲು ಹಾಯಬೇಕಾಗಿದ್ದ ಬಸವನೇ ಇಲ್ಲದೆ ಊರು ಒಂದು ಥರ ಮಂಕಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅಣ್ಣ ಮಾತು ಬದಲಾಯಿಸಲೆಂದು ತನ್ನ ಕಾಡಿನ ಸುದ್ದಿ ತೆಗೆದ.

"ಕಾಡುಕೋಣ ನೋಡ್ಬೇಕು ನೀವು. ಸಾಹೇಬ್ರು ಬೈಸನ್ನು ಅಂತಾರೆ. ನಮ್ಮ ಎತ್ತು ಅದರ ಮುಂದೆ ಕರ. ಮೈಯೆಲ್ಲ ಎಣ್ಣೆ ಆಕ್ದಂಗೆ ಕಪ್ಪು, ಕಾಲು ಮಾತ್ರ ಬೆಳ್ಳಗೆ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಕಾಲು ಬೆಳ್ಳಗಾ?"

"ಊ ಅತ್ತೆ. ಮೊಣಕಾಲಿಂದ ಕೆಳಕ್ಕೆ, ಸುಣ್ಣದಾಗೆ ಇಳಿಬುಟ್ಟು ತೆಗೆದಂಗೆ."

"ಯಾರೂ ಒಡೆಯಂಗಿಲ್ವಾ ಅವನ್ನ?"

"ಮುಟ್ಟಂಗೂ ಇಲ್ಲ. ಓದ್ವರ್ಸ ರಜದ ಮ್ಯಾಲೆ ಬಂದಿದ್ದ ಸೋಲ್ಜರ್‌ಗಳು ಕೋವಿ ತಕಂಡು ಬಂದ್ರು. ಇವು ಯಾರವು ಅಂತ ಕೇಳುದ್ರು. ನಮ್ಮವು ಸಾ, ಅಂದೆ. ನಕ್ಕಂಡು ವಾಪಸ್ ಓದ್ರು."

"ಏನಂದೆ ನೀನು?"

"ನಮ್ಮವು ಅಂದೆ."

ಅತ್ತೆ ಇನ್ನೊಂದು ಸಲ ಹೇಳಿಸಿದರು. ಅಣ್ಣ ಇನ್ನೊಂದು ಸಲ ಹೇಳಿದ. ನಮ್ಮ ಯಜಮಾನರಿಗೆ ಮುದ್ದೆ ನೆತ್ತಿಗೇರಿ ಕೆಮ್ಮು ಬಂತು. ಅತ್ತೆ ಈ ಸಲ ಅವರ ಹಣೆ ಮುಟ್ಟಲಿಲ್ಲ. "ನಮ್ಮ ಬಸವಂಗೂ ಕಾಲು ಬೆಳ್ಳಗೆ. ಊರೋರೆಲ್ಲಾ ಕಾಡಿಗೋಗದೆ ಅಂತಾವ್ರೆ. ಓಗಿದ್ರೆ ಅಲ್ಲಿಗೇ ಓಗಿರ್ಬೇಕು. ಸುಗ್ಗಿ ಮುಗುದ್ಮೇಲೆ ನನ್ನ ಕರ್ಕಂಡ್ ಓಗ್ಲಾ" ಎಂದು ಮಗನಿಗೆ ಹೇಳಿದರು.

ನಾನು ವಾದಿಸಿದ್ದು ಅಷ್ಟಿಷ್ಟಲ್ಲ. ಕಾಡುಕೋಣ ಬೇರೆ ಜಾತಿ, ಹೋರಿ ಬೇರೆ ಜಾತಿ ಎಂದೆ. ಆ ಕಾಡು ಮೈಸೂರಿನಿಂದಲೂ ಆಚೆ ಎಂದೆ. "ಬಸವ ಹೊಳೆನರಸೀಪುರದಲ್ಲಿ ರೈಲು ಹತ್ತಿಕೊಂಡು ಹೋಯಿತಾ ಅತ್ತೆ?" ಎಂದು ಕೊನೆಗೆ ಕೇಳಿದೆ.

"ದೇವ್ರಿಗೆ ಟಿಕೀಟು ಕೇಳೋರ್ಯಾರವ್ವ?" ಎಂದು ಅವರು ಮಲಗಲು ಹೋದರು.

ಊರಿನಲ್ಲಿ ಸುದ್ದಿ ಹರಡಿತು. ಮುದುಕಿಗೆ ತಲೆ ಕೆಟ್ಟಿದೆ ಎಂದರು ಕೆಲವರು. ವಿಚಿತ್ರವೆಂದರೆ ಹೋಗಬೇಡಿ ಎಂದು ತಡೆಯಲು ಬಂದವರೂ ಕೆಲವರಿದ್ದರು. ದಾರಿ ಕೆಟ್ಟದ್ದು, ಆನೆ ಕಾಟ, ಜ್ವರದ ಸೀಮೆ ಎಂದು ಪಟೇಲರೇ ಮನೆಗೆ ಬಂದು ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತಿತ್ತು ಅವರ ಕಾಳಜಿ. ಅತ್ತೆ ಅವರಿಗೂ ಒಂದು ಲೋಟ ಮಜ್ಜಿಗೆ ಕೊಟ್ಟು, ಅವರು ಪೂರ್ತಿ ಕುಡಿಯುವವರೆಗೆ ಎದುರಿಗೇ ಕೂತು ನೋಡಿದರು.

ಸುಗ್ಗಿ ಮುಗಿದು, ಹುಲ್ಲು ಬಣವೆಗೆ ಸೇರಿದ ಮೇಲೆ ನಾವು ಮೂವರು ಹೊರಟೆವು. ಹಾಸನದವರೆಗೆ ಗಾಡಿ, ಅಲ್ಲಿಂದ ರೈಲು. ರೈಲಿನ ತುಂಬ ಪಟಾಲಮ್ಮಿನವರು. ಅತ್ತೆ ಬುತ್ತಿಯ ಗಂಟಿನ ಮೇಲೆ ಕೂತು, ಬಸವನಿಗೆಂದು ಕಟ್ಟಿಕೊಂಡ ಉಪ್ಪು ಬೆಲ್ಲದ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಹೊಳೆನರಸೀಪುರದ ಹತ್ತಿರ ರೈಲು ಹೇಮಾವತಿಯ ಸೇತುವೆ ದಾಟುವಾಗ ಎದ್ದು ನಿಂತು ಹೊಳೆಗೆ ಕೈ ಮುಗಿದರು. ಮಗನಿಗೂ "ಮುಗಿಯಪ್ಪ" ಎಂದರು. ಯಜಮಾನರು ಮುಗಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ, ರೈಲಿನ ತಲೆಸುತ್ತು ಎಂದುಕೊಂಡು ನಾನು ನಿಂಬೆಹಣ್ಣು ಕೊಟ್ಟೆ.

ಮೈಸೂರಿನಿಂದ ಮುಂದಕ್ಕೆ ಇದ್ದಿಲಿನ ಬಸ್ಸು. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಕಾಲ. ಏರು ಬಂದ ಕಡೆಯೆಲ್ಲ ಗಂಡಸರು ಇಳಿದು ತಳ್ಳಬೇಕು. "ಇದ್ಕಿಂತ ನಮ್ ಎತ್ತಿನ ಗಾಡೀಲೇ ಬರ್ಬೋದಿತ್ತು, ಎತ್ತಾದ್ರೂ ನಮ್ಮನ್ನ ತಳ್ಳು ಅನ್ನಲ್ಲ" ಎಂದು ಅತ್ತೆ ಗೊಣಗಿದರು. ಬಸ್ಸಿನವರೆಲ್ಲ ನಕ್ಕರು. ಆ ಪ್ರಯಾಣದಲ್ಲಿ ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಅಣ್ಣನ ಮನೆ ಕಾಡಿನ ಅಂಚಿನಲ್ಲಿ ಹಂಚು ಹೊದಿಸಿದ ಎರಡು ಕೋಣೆಯ ಕ್ವಾರ್ಟರ್ಸು. ಅತ್ತಿಗೆ ಊಟಕ್ಕೆ ಬಡಿಸಿ ಕೊನೆಗೆ ಮೊಸರು ತಂದಾಗ ಅತ್ತೆ ಎಂದಿನಂತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಮಧ್ಯಾಹ್ನ ಬಿಸಿಲು ಇಳಿಯುತ್ತಿದ್ದಂತೆ ಅಣ್ಣ ನಮ್ಮನ್ನು ಒಂದು ಕೆರೆಯ ಹತ್ತಿರ ಕರೆದುಕೊಂಡು ಹೋದ. ಬೇಸಿಗೆಯ ಮೊದಲ ದಿನಗಳು, ಕಾಡಿನ ಒಳಗಿನ ಹಳ್ಳಗಳು ಬತ್ತಿ, ಪ್ರಾಣಿಗಳು ಆ ಕೆರೆಗೇ ಬರುತ್ತಿದ್ದವು. ಒಂದು ದೊಡ್ಡ ಹುತ್ತದ ಮರೆಯಲ್ಲಿ ನಮ್ಮನ್ನು ಕೂರಿಸಿ, ಕೆಮ್ಮಬೇಡಿ, ಮಾತಾಡಬೇಡಿ, ಏನೇ ಆದರೂ ಓಡಬೇಡಿ ಎಂದ. ಯಜಮಾನರು ನಮ್ಮ ಜೊತೆ ಕೂರಲಿಲ್ಲ. ಸ್ವಲ್ಪ ದೂರದಲ್ಲಿ, ಕಾಲುದಾರಿಯ ಪಕ್ಕದ ಒಂದು ಮತ್ತಿಮರಕ್ಕೆ ಒರಗಿ ಒಬ್ಬರೇ ಕೂತರು. ನನಗೆ ಕೋಪ ಬಂತು, ತಾಯಿಯ ಪಕ್ಕ ಕೂರಲು ಇವರಿಗೇನು ರೋಗ ಎಂದು.

ಬಿಸಿಲು ಹಳದಿಯಾದಾಗ ಅವು ಬಂದವು. ಮೊದಲು ಒಂದು ಹಸು, ಅದರ ಹಿಂದೆ ಕೆಂಚು ಬಣ್ಣದ ಕರು, ಆಮೇಲೆ ಒಂದರ ಹಿಂದೊಂದು. ಅಷ್ಟು ದೊಡ್ಡ ಪ್ರಾಣಿಗಳು ಅಷ್ಟು ಕಡಿಮೆ ಸದ್ದು ಮಾಡಿಕೊಂಡು ನಡೆಯುವುದನ್ನು ನಾನು ಆವರೆಗೆ ಕಂಡಿರಲಿಲ್ಲ. ಬೆಳ್ಳಗಿನ ಕಾಲುಗಳನ್ನು ಒಂದೊಂದಾಗಿ ಎತ್ತಿಟ್ಟು ನೀರಿಗೆ ಇಳಿದವು. ಅವುಗಳ ಹಣೆ ನೋಡಿ ಅತ್ತೆ ನನ್ನ ಕೈ ಹಿಚುಕಿದರು. ಕೋಡುಗಳ ನಡುವೆ, ಹಣೆಯ ಉದ್ದಕ್ಕೂ ಬೂದಿ ಬಣ್ಣ.

"ನೋಡೇ, ಈಬೂತಿ ಅಚ್ಕಂಡವೆ" ಎಂದು ನನ್ನ ಕಿವಿಯಲ್ಲಿ ಉಸುರಿದರು. ಪ್ರಕೃತಿಯ ಬಣ್ಣ ಅತ್ತೆ ಅದು ಎಂದು ಹೇಳಲು ಬಾಯಿ ತೆರೆದವಳು, ಅವರ ಕಣ್ಣಲ್ಲಿ ನೀರು ನೋಡಿ ಸುಮ್ಮನಾದೆ. ಮುಗ್ಧ ಹೆಂಗಸು, ಇಷ್ಟರಲ್ಲೇ ಒಂದನ್ನು ತೋರಿಸಿ ಇದೇ ನಮ್ಮ ಬಸವ ಎನ್ನುತ್ತಾರೆ, ಎಂದರೆ ಹೌದು ಎಂದುಬಿಡೋಣ, ಮೊಸರು ಉಂಡರೆ ಸಾಕು ಎಂದು ಮನಸ್ಸಿನಲ್ಲೇ ತಯಾರಾದೆ.

ಆಗ ಅಣ್ಣ ನನ್ನ ಭುಜ ಮುಟ್ಟಿದ. ಹಿಂಡಿಗೆ ಸೇರದ ಒಂದು ಒಂಟಿ ಕೋಣ ಕಾಲುದಾರಿಯಲ್ಲಿ, ಯಜಮಾನರು ಕೂತಿದ್ದ ಕಡೆಯಿಂದಲೇ ಬರುತ್ತಿತ್ತು. ಮುದಿ ಕೋಣ. ಒಂದು ಕೋಡಿನ ತುದಿ ಮುರಿದಿತ್ತು. ಯಜಮಾನರು ಅದನ್ನು ಕಂಡಾಗ ತಡವಾಗಿತ್ತು. ಗಾಬರಿಯಿಂದ ಎದ್ದು ನಿಂತರು. ಅವರಿಗೂ ಅದಕ್ಕೂ ನಡುವೆ ಒಂದು ಗಾಡಿ ನಿಲ್ಲುವಷ್ಟೇ ಜಾಗ.

"ಅಲ್ಲಾಡ್ಬೇಡಿ" ಎಂದು ಅಣ್ಣ ಮೆಲ್ಲಗೆ ಹೇಳಿದ, ಅವರಿಗೆ ಕೇಳಿಸಿತೋ ಇಲ್ಲವೋ. ಕೋಣ ಒಂದು ಸಲ ಉಸಿರು ಬಿಟ್ಟಿತು. ನಮ್ಮ ಬಾಗಿಲಲ್ಲಿ ಬೆಳಗ್ಗೆ ಕೇಳುತ್ತಿದ್ದದ್ದೇ ಸದ್ದು, ಆದರೆ ಅದರ ನಾಲ್ಕರಷ್ಟು. ನನ್ನ ಕೈ ತಾನೇ ಹೋಗಿ ತಾಳಿ ಹಿಡಿಯಿತು. ಅತ್ತೆ ಎದ್ದು ನಿಂತುಬಿಟ್ಟರು. ಅಣ್ಣ ಸೆರಗು ಹಿಡಿದು ಎಳೆದರೂ ಕೂರಲಿಲ್ಲ.

ಕೋಣ ತಲೆ ತಗ್ಗಿಸಲಿಲ್ಲ. ನಿಧಾನವಾಗಿ ಪಕ್ಕಕ್ಕೆ ತಿರುಗಿ, ತನ್ನ ಪೂರ್ತಿ ಮೈಯನ್ನು, ಭುಜದಿಂದ ಬಾಲದವರೆಗೆ, ನಮ್ಮ ಯಜಮಾನರಿಗೆ ತೋರಿಸಿಕೊಂಡು ನಿಂತಿತು. ಬೆದರಿಸುವುದು ಹಾಗೆಯೇ ಎಂದು ಅಣ್ಣ ಆಮೇಲೆ ಹೇಳಿದ. ಅತ್ತೆಯ ಕಣ್ಣು ಅದರ ಬಲತೊಡೆಯ ಮೇಲಿತ್ತು. ಸಂಜೆಯ ಬಿಸಿಲಿನಲ್ಲಿ ಆ ತೊಡೆ ನುಣ್ಣಗೆ ಹೊಳೆಯುತ್ತಿತ್ತು, ಒಂದು ಕಲೆಯೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿತೋ ನನಗೆ ತಿಳಿಯದು. ಕೊನೆಗೆ ತಾನೇ ಬೇಸರಪಟ್ಟುಕೊಂಡಂತೆ ಬಾಲ ಬೀಸಿ ಕೆರೆಗೆ ಇಳಿದು ನೀರು ಕುಡಿಯಿತು. ಹಿಂಡು ಒಂದು ಕಡೆ, ಅದು ಒಂದು ಕಡೆ.

ಎಲ್ಲವೂ ಕಾಡಿಗೆ ಹಿಂದಿರುಗಿದ ಮೇಲೆ ಯಜಮಾನರು ನಮ್ಮ ಹತ್ತಿರ ಬಂದರು. ಬಂದವರು ತಾಯಿಯ ಮುಂದೆ ನೆಲದ ಮೇಲೆ ಕುಸಿದು ಕೂತರು.

"ಅವ್ವ, ನಮ್ಮ ಬಸವ ಕಾಡಿಗೆ ಬಂದಿಲ್ಲ ಕಣವ್ವ."

"ಮತ್ತೆ?"

"ಗೌರಿ ಅಬ್ಬದ ಮಾರ್ನೆ ದಿನ ದನ ಇಡಿಯೋರು ಬಂದಿದ್ರು. ನಾವೆಲ್ಲಾ ಅಳ್ಳಿಕಟ್ಟೆ ತಾವ ಕುಂತಿದ್ದೊ. ಬಸವ ಪಟೇಲ್ರ ವಲದಾಗೆ ರಾಗಿ ಮೇಯ್ತಿತ್ತು. ಈ ವರ್ಸ ಸರ್ಕಾರದೋರು ರಾಗಿ ಅಳಸ್ಕಳೋ ಲೆವಿ ಬೇರೆ. ಎಲ್ಲಾರ್ಗೂ ವಟ್ಟೆ ಉರೀತಿತ್ತು. ಈ ಓರಿ ಯಾರ್ದು ಅಂತ ಕೇಳುದ್ರು ಅವರು."

"ಏನಂದ್ರಿ?"

"ಯಾರೂ ಏನೂ ಅನ್ಲಿಲ್ಲ. ದೇವ್ರ ಓರಿ, ಯಾರ್ದು ಅನ್ನೋದು? ಒಬ್ರ ಮಕ ಒಬ್ರು ನೋಡ್ಕಂಡೊ. ಇನ್ನೊಂದ್ಸಲ ಕೇಳುದ್ರು. ಆಗ್ಲೂ ಯಾರೂ ನಮ್ದು ಅನ್ಲಿಲ್ಲ. ಬೀಡಾಡಿ ದನ ಅನ್ಕಂಡು ಅಗ್ಗ ಆಕಿ ಒಡ್ಕಂಡೋದ್ರು."

"ನೀನು?"

"ನಾನೂ ಅಲ್ಲೇ ಇದ್ದೆ ಕಣವ್ವ. ನಾನೂ ಅನ್ಲಿಲ್ಲ." ಮೀಸೆ ಬಂದ ಗಂಡಸು ಮಗುವಿನ ಹಾಗೆ ಅತ್ತರು. "ಇನ್ನೇನು ಅಂದ್ಬುಡಾನ ಅನ್ನೋವಷ್ಟ್ರಲ್ಲಿ ಓಗ್ಬುಟ್ಟಿತ್ತು. ಇಂದಕ್ಕೆ ತಿರುಗಿ ನಮ್ಮನ್ನೇ ನೋಡ್ತು."

ನನಗೆ ಮೈ ಉರಿಯಿತು. ಭಾದ್ರಪದದಿಂದ ತಾಯಿ ಸೊರಗುವುದನ್ನು ಎದುರಿಗೆ ಕೂತು ನೋಡಿದ್ದಾರಲ್ಲ, ತಾವು ಮಾತ್ರ ದಿನಾ ಮೊಸರು ಕಲಸಿ ಉಂಡಿದ್ದಾರಲ್ಲ ಎಂದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ? ಬಾಯಿಗೆ ಬಂದದ್ದೆಲ್ಲ ಅನ್ನಬೇಕೆಂದು ಎದ್ದೆ. ಅತ್ತೆ ನನ್ನ ಮೊಣಕೈ ಹಿಡಿದು ಕೂರಿಸಿದರು.

"ಅಂಗಾದ್ರೆ ಓದ ಅನ್ನಪ್ಪ. ಬಾಯ್ಬುಟ್ಟು ಅನ್ನು."

"ಓದ ಕಣವ್ವ. ಬಸವ ಓದ."

ಅತ್ತೆ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಬೆನ್ನ ಮೇಲಿನ ಸೌದೆ ಹೊರೆ ಇಳಿಸಿದವರ ಉಸಿರು ಹಾಗಿರುತ್ತದೆ. ಆಮೇಲೆ ಮಗನ ತಲೆಯ ಮೇಲೆ ಕೈ ಇಟ್ಟರು.

"ನಂಗೊತ್ತಿಲ್ವಾ ಓದ ಅಂತ? ತೆನೆ ಬಂದ ರಾಗಿ ಬುಟ್ಟು ಯಾವ್ ಓರಿ ಕಾಡಿಗೋಗದಪ್ಪ? ಊರೆಲ್ಲಾ ಒಂದೇ ಮಾತ ಅಂದಾಗ್ಲೇ ಗೊತ್ತಾಯ್ತು. ಊರೋರು ಮುಚ್ಚುಟ್ರೆ ಮುಚ್ಚುಟ್ಕಳ್ಳಿ. ನಿನ್ನ ಜೀವಕ್ಕೆ ಬದ್ಲು ಬುಟ್ಟಿದ್ದನ್ನ ನೀನೇ ಮುಚ್ಚುಟ್ರೆ, ನಿನ್ನ ಕಾಯೋರ್ಯಾರ್ಲಾ? ಅದೇ ನನ್ನ ಬಯ. ನೀನಾಗಿ ಯೇಳ್ಲಿ ಅಂತ ಕಾಯ್ತಾ ಇದ್ದೆ. ಯೇಳ್ಲಿಲ್ಲ. ನೀನು ಕಾಡು ಕಾಡು ಅಂತಿದ್ದೆ, ನಾನು ಕಾಡಿಗೇ ಕರ್ಕಂಬಂದೆ."

ಅವರನ್ನು ಮುಗ್ಧೆ ಎಂದುಕೊಂಡಿದ್ದ ನಾನು ಹುತ್ತದ ಮಣ್ಣು ಕೆರೆಯುತ್ತ ಕೂತೆ. ಹೋರಿಯನ್ನು ಹುಡುಕಲು ಅವರು ಬಂದಿರಲೇ ಇಲ್ಲ.

"ಬಯ ಬ್ಯಾಡ ಕಣಪ್ಪ" ಎಂದರು ಅತ್ತೆ ಮಗನಿಗೆ. "ಆ ಕೋಣ ನಿನ್ನ ನೋಡ್ತು, ಬುಟ್ಬುಡ್ತು. ನಿಂಗೇನೂ ಆಗಲ್ಲ."

ಹಿಂದಿರುಗುವ ಮೊದಲು ಅತ್ತೆ ಕಾಲುದಾರಿಗೆ ಹೋಗಿ, ಆ ಒಂಟಿ ಕೋಣದ ಗೊರಸು ಊರಿದ್ದ ಕಡೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. ಉಪ್ಪು ಬೆಲ್ಲದ ಗಂಟನ್ನು ಅಲ್ಲೇ ಬಿಚ್ಚಿಡಲು ಹೋದಾಗ ಅಣ್ಣ ತಡೆದ, ಕಾಡಿನ ಪ್ರಾಣಿಗಳಿಗೆ ಹೊರಗಿನದು ಹಾಕುವಂತಿಲ್ಲ ಎಂದು. "ಸರಿ ಬುಡು, ನಿಮ್ಮವು ನಿಮ್ ಮಾತೇ ಕೇಳ್ಬೇಕು" ಎಂದು ಗಂಟನ್ನು ಹಾಗೇ ಮಡಿಲಿಗೆ ಹಾಕಿಕೊಂಡರು. ಅಣ್ಣನ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು, ವಿಭೂತಿ ಧರಿಸಿ ಊಟಕ್ಕೆ ಕೂತರು. ಅತ್ತಿಗೆ ಸಂಕೋಚದಿಂದಲೇ ಮೊಸರಿನ ಪಾತ್ರೆ ತಂದರು. ಅತ್ತೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಮೊದಲ ತುತ್ತಿಗೇ, "ನಿಮ್ಮತ್ತಿಗೆ ಎಪ್ಪು ಆಕೋದು ನಿನ್ಗಿಂತ ಚೆನ್ನಾಗಿ ಕಲ್ತವ್ಳೆ" ಎಂದು ನನಗೆ ಚುಚ್ಚಿದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಯಜಮಾನರ ಜೊತೆ ಮಾತ್ರ ಹಾಸನ ತಲುಪುವವರೆಗೆ ನಾನು ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಬಸವನನ್ನು ಮಣ್ಣು ಮಾಡಿದರು. ದೇಹ ಇರಲಿಲ್ಲವಲ್ಲ, ಕಾಡಿನಿಂದ ತಂದ ಆ ಹಿಡಿ ಮಣ್ಣನ್ನೇ ಬಾಳೆಲೆಯ ಮೇಲಿಟ್ಟು, ವಿಭೂತಿ ಹಚ್ಚಿ, ಉಪ್ಪು ಬೆಲ್ಲ ಇಟ್ಟು, ಗುಡಿಯ ಹಿಂದೆ ಗುಂಡಿ ತೋಡಿಸಿದರು. ಯಜಮಾನರು ಮನೆಮನೆಗೂ ಹೋಗಿ ಬಾಗಿಲಲ್ಲಿ ನಿಂತು "ಬಸವ ಓದ" ಎಂದು ಹೇಳಿ ಬಂದರು. ಎಲ್ಲರೂ ಬಂದರು. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಒಂದೊಂದು ಹಿಡಿ ಮಣ್ಣು ಹಾಕಿ ಕೈ ಒರೆಸಿಕೊಂಡು ನಿಂತರು. ತಮಟೆಯವನು ಕೂಡ ಮೆಲ್ಲಗೇ ಬಡಿದ.

ಕೊನೆಗೆ ಪಟೇಲರು ಗಂಟಲು ಸರಿಮಾಡಿಕೊಂಡು, ನಮ್ಮ ಕೊಟ್ಟಿಗೆಯಲ್ಲಿ ಒಂದು ಕಪ್ಪು ಹೋರಿಗರು ಇದೆಯಲ್ಲ, ಒಳ್ಳೆಯ ದಿನ ನೋಡಿ ಅದಕ್ಕೆ ಮುದ್ರೆ ಒತ್ತಿಸಿ ಬಿಡೋಣ, ಖರ್ಚು ಊರಿನದು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು.

ಅತ್ತೆ ತಲೆಯಾಡಿಸಿದರು. "ಬ್ಯಾಡ ಕಣಪ್ಪ. ಅದು ನಮ್ಮನೇಲೇ ಇರ್ಲಿ, ನೊಗ ಒರ್ಲಿ. ಆ ಕಾಡ್ನಾಗೆ ಕೋಣನ ಮೈ ಮ್ಯಾಲೆ ಒಂದ್ ಮುದ್ರೆ ಇರ್ಲಿಲ್ಲ. ಆದ್ರೂ ನಮ್ದು ಅನ್ನಾಕೆ ಒಬ್ಬ ಗಾರ್ಡು ಇದ್ದ. ನಮ್ ಬಸವಂಗೆ ಮುದ್ರೆ ಇತ್ತು. ಅಳ್ಳಿಕಟ್ಟೆ ತುಂಬಾ ಗಂಡಸ್ರಿದ್ರಿ."

ಒಬ್ಬೊಬ್ಬರಾಗಿ ಮನೆಗೆ ಹೋದರು.

ಆ ಕರು ಬೆಳೆದು ಎತ್ತಾಗಿ ನಮ್ಮ ಹೊಲ ಉತ್ತಿತು. ಅತ್ತೆ ಇನ್ನೂ ಬಹಳ ಕಾಲ ಇದ್ದರು, ಕೊನೆಯ ದಿನದವರೆಗೂ ನನ್ನ ಮೊಸರಿಗೆ ಹೆಸರಿಟ್ಟೇ ಉಂಡರು. ಯಜಮಾನರಿಗೆ ಮಾತ್ರ ಆ ಕಾಡಿನಿಂದ ಬಂದ ಮೇಲೆ ಒಂದು ಚಾಳಿ ಹತ್ತಿತು. ಬೀದಿಯಲ್ಲಿ ಯಾವುದೇ ಬೀಡಾಡಿ ದನ ಬರಲಿ, ಗೊಡ್ಡು ಹಸು ಬರಲಿ, ಕುಂಟು ಎಮ್ಮೆ ಬರಲಿ, ದೊಡ್ಡಿಯವನು ಬಂದು "ಇದು ಯಾರ್ದು?" ಎಂದು ಕೂಗಿದ ಕೂಡಲೇ, ಊಟಕ್ಕೆ ಕೂತಿದ್ದರೂ ಎಂಜಲು ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದರು. ನಮ್ಮ ಕೊಟ್ಟಿಗೆಯಲ್ಲಿ ಯಾರ್ಯಾರದೋ ದನ ತುಂಬಿ, ಬಣವೆ ಬೇಸಿಗೆಗೆ ಮೊದಲೇ ಕರಗುತ್ತಿತ್ತು. ಹುಲ್ಲು ಹಾಕುವವಳು ನಾನು, ಸಗಣಿ ಬಾಚುವವಳು ನಾನು, ಬೈಯುತ್ತಲೇ ಬಾಚುತ್ತಿದ್ದೆ. ಆದರೆ ಅವರು ಬಾಗಿಲಲ್ಲಿ ನಿಂತು "ನಮ್ದು!" ಎಂದು ಕೂಗಿದಾಗ, ಅಲ್ಲ ಎಂದು ನಾನು ಒಂದು ದಿನವೂ ಹೇಳಲಿಲ್ಲ.